ಗೀಟಿನ ಗೊಡವೆ

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಾನೆ. ವರ್ಷಕ್ಕೊಮ್ಮೆ ಒಪ್ಪಂದದ ಕಾಗದ ಬರುತ್ತದೆ, ಸಹಿ ಹಾಕಿ ಕಳಿಸುತ್ತಾನೆ, ಅಲ್ಲಿಗೆ ಮುಂದಿನ ವರ್ಷದ ಅನ್ನ ಗಟ್ಟಿ. ಈ ಸಲ ಕಾಗದ ಬರುವುದು ತಡವಾಯಿತು. ಹುಡುಗ ಚುರುಕು. ತಾನೇ ಮುಂದಾಗಿ ಮೇಲಿನವರಿಗೆ ಮೇಲ್ ಹಾಕಿದ. ಇನ್ನೊಂದು ವರ್ಷಕ್ಕೆ ಮತ್ತೆ ಸಹಿ ಹಾಕಲು ನನಗೆ ಬಲು ಸಂತೋಷ ಎಂಬುದು ಅದರ ತಾತ್ಪರ್ಯ. ಇಂಗ್ಲಿಷಿನಲ್ಲಿ ಅವನು ಬರೆದ ಪದ ‘ರಿಸೈನ್’. ‘ರಿ’ಗೂ ‘ಸೈನ್’ಗೂ ನಡುವೆ ಒಂದು ಚಿಕ್ಕ ಗೀಟು ಇದ್ದಿದ್ದರೆ ಅದು ಮರುಸಹಿ. ಇಲ್ಲದ್ದರಿಂದ ರಾಜೀನಾಮೆ. ಸಂಜೆಯೊಳಗೆ ಉತ್ತರ ಬಂತು: ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ, ಲ್ಯಾಪ್‌ಟಾಪ್ ಯಾವತ್ತು ತಂದುಕೊಡುತ್ತೀರಿ?

ರಾತ್ರಿ ಊಟಕ್ಕೆ ಕೂತಾಗ ಫೋನು. “ಮಾವಾ, ನಾನು ಸಂತೋಷದಿಂದ ಕೆಲಸ ಬಿಟ್ಟಿದೀನಂತೆ!”

ನಮ್ಮ ಬಳಗದಲ್ಲಿ ಇಂಗ್ಲಿಷಿಗೆ ಸಂಬಂಧಪಟ್ಟ ಅಪಘಾತಗಳೆಲ್ಲ ನನ್ನ ಬಳಿಗೇ ಬರುತ್ತವೆ. ನಾನು ಬ್ಯಾಂಕಿನಲ್ಲಿದ್ದವನು, ಸಾಲಗಾರರಿಗೆ ಇಂಗ್ಲಿಷಿನಲ್ಲಿ ನೋಟಿಸು ಬರೆದವನು ಎಂಬುದಷ್ಟೇ ಇದಕ್ಕೆ ಆಧಾರ. ನನ್ನ ಇಂಗ್ಲಿಷು ಎಂಥದು ಎಂದು ನನಗೆ ಗೊತ್ತು. ಆ ಕಾಲದಲ್ಲಿ ಯಾರಾದರೂ ಪ್ರೇಮಪತ್ರ ಬರೆದುಕೊಡಿ ಎಂದಿದ್ದರೂ ‘ಈ ಪತ್ರ ತಲುಪಿದ ಹದಿನೈದು ದಿನಗಳೊಳಗಾಗಿ’ ಎಂದೇ ಮುಗಿಸುತ್ತಿದ್ದೆ. ಬಳಗದವರಿಗೆ ಅದೆಲ್ಲ ಬೇಡ. ಮನೆಯಲ್ಲಿ ಡಿಕ್ಷನರಿ ಇರುವವನು ಇವನೊಬ್ಬನೇ.

ಹುಡುಗನ ವಿಷಯ ಮರುದಿನ ಒಂದೇ ಫೋನಿನಲ್ಲಿ ನೇರವಾಯಿತು. ಆ ಕಡೆಯವರೂ ನಕ್ಕರಂತೆ. ಆ ಗೀಟು, ಅಂದರೆ ಹೈಫನ್, ಮಾತ್ರ ನನ್ನ ತಲೆಯೊಳಗೆ ಬಿಡಾರ ಹೂಡಿತು. ಬೆಳಿಗ್ಗೆ ವಾಕಿಂಗ್ ಹೊರಟರೆ ದಾರಿಯ ಬೋರ್ಡುಗಳೆಲ್ಲ ಅನುಮಾನಾಸ್ಪದವಾಗಿ ಕಾಣತೊಡಗಿದವು. ‘ಹೈ ಕ್ಲಾಸ್ ವೆಜಿಟೇರಿಯನ್ ಹೋಟೆಲ್’ ಎಂಬ ಬೋರ್ಡನ್ನು ನೀವೂ ನೋಡಿಯೇ ಇರುತ್ತೀರಿ. ಇದರಲ್ಲಿ ಹೈ ಕ್ಲಾಸ್ ಯಾರು? ಹೋಟೆಲೋ, ಅಲ್ಲಿ ತಿನ್ನುವ ವೆಜಿಟೇರಿಯನ್ನನೋ? ಮುಂದೆ ಹೋದರೆ ‘ಗವರ್ನಮೆಂಟ್ ಫಸ್ಟ್ ಗ್ರೇಡ್ ಕಾಲೇಜ್’. ಕಾಲೇಜು ಫಸ್ಟ್ ಗ್ರೇಡೋ, ಗವರ್ನಮೆಂಟೇ ಫಸ್ಟೋ? ನಾನು ಕತ್ತೆತ್ತಿಕೊಂಡು ಓದುತ್ತ ನಿಂತರೆ ಹೆಂಡತಿ ತೋಳು ಹಿಡಿದು ಎಳೆದಳು. “ಏನ್ರೀ, ಬೋರ್ಡ್ ಆಮೇಲೆ ಓದ್ಕೊಳ್ಳಿ, ಮುಂದೆ ಗುಂಡಿ ಇದೆ.”

ವಿಷಯ ಇಷ್ಟೆ. ಇಂಗ್ಲಿಷಿನಲ್ಲಿ ಒಂದು ನಾಮಪದದ ಮುಂದೆ ಎರಡು ಪದ ಜೋಡಿಯಾಗಿ ನಿಂತು, ಇಬ್ಬರೂ ಸೇರಿ ಆ ನಾಮಪದವನ್ನು ಬಣ್ಣಿಸುತ್ತಿದ್ದರೆ ಅವರಿಬ್ಬರ ನಡುವೆ ಗೀಟು ಬೇಕು. ಹೈ-ಕ್ಲಾಸ್ ಹೋಟೆಲ್. ಅದೇ ಜೋಡಿ ನಾಮಪದದ ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಗೀಟು ಬೇಡ. ‘ವೆಲ್-ನೋನ್ ರೈಟರ್’ ಎಂದು ಬರೆಯುವಾಗ ಬೇಕು. ‘ದ ರೈಟರ್ ಈಸ್ ವೆಲ್ ನೋನ್’ ಎಂದಾಗ ಬೇಡ. ಲೇಖಕ ಅವನೇ, ಖ್ಯಾತಿಯೂ ಅಷ್ಟೇ, ವಾಕ್ಯದಲ್ಲಿ ಕೂತ ಜಾಗ ಮಾತ್ರ ಬೇರೆ. ಹಿಂದೆ ಕೂತಾಗ ಓದುವವನಿಗೆ ಗೊಂದಲವಿಲ್ಲ, ಏಕೆಂದರೆ ಯಾರ ಬಗ್ಗೆ ಮಾತು ಎಂಬುದು ಆಗಲೇ ಗೊತ್ತಾಗಿರುತ್ತದೆ. ಮುಂದೆ ಕೂತಾಗ ಇನ್ನೂ ಯಾರೂ ಬಂದಿಲ್ಲ. ವಿಶೇಷಣಗಳು ಬಾಗಿಲಲ್ಲಿ ಕಾಯುತ್ತಿವೆ, ಯಾವುದು ಯಾರ ಕಡೆಯದು ಎಂದು ತಿಳಿಯದು.

ಇದಕ್ಕೆ ಇಂಗ್ಲಿಷ್ ಮೇಷ್ಟ್ರುಗಳು ತಲೆತಲಾಂತರದಿಂದ ಕೊಡುವ ಉದಾಹರಣೆ ‘ಮ್ಯಾನ್-ಈಟಿಂಗ್ ಟೈಗರ್’. ಗೀಟಿದ್ದರೆ ನರಭಕ್ಷಕ ಹುಲಿ. ಗೀಟು ತೆಗೆದರೆ ಹುಲಿಮಾಂಸ ಮೆಲ್ಲುತ್ತಿರುವ ಒಬ್ಬ ಮನುಷ್ಯ. ಬಂಡೀಪುರಕ್ಕೆ ಹತ್ತಿರವಿರುವ ಮೈಸೂರಿನ ನಮಗೆ ಇದು ವ್ಯಾಕರಣದ ಹುಡುಗಾಟವಲ್ಲ. ಮೊದಲನೆಯದಾದರೆ ಅರಣ್ಯ ಇಲಾಖೆಯವರು ಹುಲಿಯನ್ನು ಹುಡುಕಿಕೊಂಡು ಬರಬೇಕು. ಎರಡನೆಯದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮನುಷ್ಯನನ್ನು. ಜಿಮ್ ಕಾರ್ಬೆಟ್ 1944ರಲ್ಲಿ ಕುಮಾವೂನಿನ ಕಥೆಗಳನ್ನು ಪುಸ್ತಕ ಮಾಡಿದಾಗಲೂ, ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ತಮ್ಮ ಒಂಬತ್ತು ನರಭಕ್ಷಕಗಳನ್ನೂ ಒಂದು ಪುಂಡಾನೆಯನ್ನೂ ಅಚ್ಚಿಗೆ ಹಾಕಿದಾಗಲೂ ‘ಮ್ಯಾನ್-ಈಟರ್’ಗೆ ನಡುವೆ ಗೀಟು ಭದ್ರವಾಗಿತ್ತು. ಪೂರ್ಣಚಂದ್ರ ತೇಜಸ್ವಿಯವರು ಆ ಕಥೆಗಳನ್ನು ಕನ್ನಡಕ್ಕೆ ತಂದಾಗ ಅವರಿಗೆ ಈ ತಾಪತ್ರಯವೇ ಇರಲಿಲ್ಲ. ನರಭಕ್ಷಕ ಎಂದರೆ ಮುಗಿಯಿತು. ಯಾರು ಯಾರನ್ನು ತಿನ್ನುತ್ತಾರೆ ಎಂದು ಸಮಾಸವೇ ತೀರ್ಮಾನಿಸಿಬಿಟ್ಟಿದೆ.

ಹುಲಿ ನಿಮಗೆ ದೂರವೆನಿಸಿದರೆ ದುಡ್ಡಿನ ಮಾತಾಡೋಣ, ಅದು ನನ್ನ ಹಳೆಯ ಕಸುಬು. ‘ಟ್ವೆಂಟಿ ಫೈವ್ ಹಂಡ್ರೆಡ್ ರುಪೀ ನೋಟ್ಸ್’ ಎಂದು ಗೀಟಿಲ್ಲದೆ ಬರೆದ ಒಂದು ಚೀಟಿ ಕೌಂಟರಿಗೆ ಬಂತು ಎಂದುಕೊಳ್ಳಿ. ಗೀಟನ್ನು ‘ಫೈವ್-ಹಂಡ್ರೆಡ್-ರುಪೀ’ ಎಂದು ಹಾಕಿದರೆ ಐನೂರರ ಇಪ್ಪತ್ತು ನೋಟು, ಅಂದರೆ 10,000 ರೂಪಾಯಿ. ‘ಟ್ವೆಂಟಿ-ಫೈವ್’ ಎಂದು ಹಾಕಿದರೆ ನೂರರ ಇಪ್ಪತ್ತೈದು ನೋಟು, ಅಂದರೆ 2,500. ನಡುವೆ 7,500 ರೂಪಾಯಿ ವ್ಯತ್ಯಾಸ. ಈ ಮೊತ್ತಕ್ಕೆ ಕ್ಯಾಷಿಯರ್ ರಾತ್ರಿ ಎಂಟರವರೆಗೆ ಕೂತು ಲೆಕ್ಕ ತಾಳೆ ನೋಡುತ್ತಾನೆ, ಮ್ಯಾನೇಜರಿಗೆ ಬಿ.ಪಿ. ಏರುತ್ತದೆ, ಸ್ಟ್ರಾಂಗ್ ರೂಮಿನ ಬೀಗ ಹಾಕುವವರು ಮನೆಗೆ ಹೋಗುವಂತಿಲ್ಲ. ಬ್ಯಾಂಕಿನವರು ಬುದ್ಧಿವಂತರು. ಚಲನಿನಲ್ಲಿ ನೋಟುಗಳ ಮುಖಬೆಲೆಗೊಂದು ಸಾಲು, ಸಂಖ್ಯೆಗೊಂದು ಮನೆ ಎಂದು ಮಾಡಿ ಗ್ರಾಹಕನ ವಿರಾಮಚಿಹ್ನೆಯ ಜ್ಞಾನವನ್ನು ಪರೀಕ್ಷಿಸುವ ಗೋಜಿಗೇ ಹೋಗಲಿಲ್ಲ.

ಬಾಯಿಮಾತಿನಲ್ಲಾದರೆ ಈ ಯಾವ ರಗಳೆಯೂ ಇಲ್ಲ. ‘ಟ್ವೆಂಟಿ’ ಎಂದು ಒಂದು ಉಸಿರು ನಿಲ್ಲಿಸಿ ‘ಫೈವ್ ಹಂಡ್ರೆಡ್’ ಎಂದರೆ ಹೊಳೆನರಸೀಪುರದ ಎಲೆಕೋಸು ವ್ಯಾಪಾರಿಗೂ ತಿಳಿಯುತ್ತದೆ. ಕಾಗದಕ್ಕೆ ಉಸಿರಿಲ್ಲ. ಆ ಉಸಿರಿನ ಬದಲಿಗೆ ಬಂದು ಕೂತದ್ದೇ ಗೀಟು. ಹೀಗಾಗಿ ನಾನು ಕೇಳಿದವರಿಗೆಲ್ಲ ಒಂದೇ ಉಪಾಯ ಹೇಳುತ್ತೇನೆ: ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ. ಎರಡು ಪದವನ್ನು ನಿಮ್ಮ ನಾಲಗೆ ಬಿಡಿಸದೆ ಒಟ್ಟಿಗೆ ಉರುಳಿಸಿಕೊಂಡು ಹೋದರೆ, ಬಿಡಿಸಿ ಓದಿದವನಿಗೆ ಬೇರೆ ಅರ್ಥ ಬರುವ ಹಾಗಿದ್ದರೆ, ಅಲ್ಲಿ ಹಾಕಿ. ಇದು ಶಾಸ್ತ್ರವಲ್ಲ, ಆದರೆ ಶಾಸ್ತ್ರ ಕೈಕೊಟ್ಟಲ್ಲಿ ಇದು ನಡೆಯುತ್ತದೆ.

ಶಾಸ್ತ್ರದಲ್ಲಿ ಒಂದು ವಿನಾಯಿತಿ ಮಾತ್ರ ನನಗೆ ಇಷ್ಟ. ‘ನ್ಯೂಲಿ ಮ್ಯಾರೀಡ್ ಕಪಲ್’ ಎನ್ನುವಾಗ ಗೀಟು ಹಾಕಬಾರದು. ‘ಲಿ’ ಎಂಬ ಬಾಲವಿರುವ ಕ್ರಿಯಾವಿಶೇಷಣ ಮುಂದಿನ ಪದವನ್ನಲ್ಲದೆ ಬೇರೆ ಯಾರನ್ನೂ ಹಿಡಿಯಲಾರದು, ಆದ್ದರಿಂದ ಕಟ್ಟುವ ಅಗತ್ಯವಿಲ್ಲ ಎಂಬುದು ವಾದ. ಹೊಸದಾಗಿ ಮದುವೆಯಾದವರನ್ನು ಇನ್ನೂ ಕಟ್ಟಿ ಹಾಕುವುದು ಬೇಡ ಎಂದು ನನ್ನ ಹೆಂಡತಿಯ ವ್ಯಾಖ್ಯಾನ.

ಕನ್ನಡಕ್ಕೆ ಇದೆಲ್ಲ ಇಲ್ಲ ಎಂದು ನಾವು ಬೀಗುವುದುಂಟು. ಕೆಂಪು ತಾವರೆ ಪಕ್ಕಪಕ್ಕ ಬಂದರೆ ಕೆಂದಾವರೆ, ಹಿರಿದಾದ ಬಾಗಿಲು ಹೆಬ್ಬಾಗಿಲು. ಸಂಧಿಯಾದ ಮೇಲೆ ಬಿಡಿಸಬೇಕೆಂದರೂ ಮೇಷ್ಟ್ರ ಬೆತ್ತ ಬೇಕು. ಕೇಶಿರಾಜ 13ನೆಯ ಶತಮಾನದಲ್ಲೇ ಯಾವ ಪದ ಯಾವುದರ ಜೊತೆ ಸೇರಬಹುದು, ಯಾವುದು ಸೇರಿದರೆ ಅರಿಸಮಾಸವಾಗಿ ದೋಷ ಎಂದೆಲ್ಲ ಕಟ್ಟು ಮಾಡಿಟ್ಟ. ಆದರೂ ಕಿರಾಣಿ ಅಂಗಡಿಯಲ್ಲಿ ‘ಶುದ್ಧ ಹಸುವಿನ ತುಪ್ಪ’ ಎಂಬ ಡಬ್ಬಿ ನೋಡಿದಾಗ ನನಗೆ ಅಳುಕು. ಶುದ್ಧವಾದದ್ದು ಹಸುವೋ ತುಪ್ಪವೋ? ಅಂಗಡಿಯವರನ್ನು ಕೇಳಿದೆ. “ಎರಡೂ ಸಾರ್” ಎಂದರು. ವ್ಯಾಪಾರಸ್ಥರ ವ್ಯಾಕರಣ ಉದಾರವಾದದ್ದು.

ಸಮಾಸವನ್ನು ತಪ್ಪಾಗಿ ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮವರ ಬಳಿ ಇಂಗ್ಲಿಷಿನವರಿಗಿಂತ ಬಹಳ ಹಳೆಯ ಕಥೆಯಿದೆ. ತ್ವಷ್ಟೃವಿನ ಮಗ ವಿಶ್ವರೂಪನನ್ನು ಇಂದ್ರ ಕೊಂದ. ಸೇಡು ತೀರಿಸಿಕೊಳ್ಳಲು ತ್ವಷ್ಟೃ ಯಜ್ಞ ಮಾಡಿ, ಇಂದ್ರನನ್ನು ಕೊಲ್ಲಬಲ್ಲ ಮಗನನ್ನು ಬೇಡಿ, ‘ಇಂದ್ರಶತ್ರುವೇ, ಬೆಳೆ’ ಎಂಬರ್ಥದ ಮಂತ್ರ ಹೇಳಿದ. ಕೊನೆಯ ಅಕ್ಷರದ ಮೇಲೆ ಸ್ವರ ಏರಿಸಿದ್ದರೆ ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಅವನು ಏರಿಸಿದ್ದು ಮೊದಲ ಅಕ್ಷರದ ಮೇಲೆ. ಅದು ಬಹುವ್ರೀಹಿಯಾಯಿತು: ಯಾರನ್ನು ಕೊಲ್ಲುವವನು ಇಂದ್ರನೋ ಅವನು. ವೃತ್ರ ಹುಟ್ಟಿದ, ಬೆಳೆದ, ಮಂತ್ರದಲ್ಲಿ ಹೇಳಿದ ಪ್ರಕಾರವೇ ಇಂದ್ರನ ಕೈಯಲ್ಲಿ ಸತ್ತ. ಪತಂಜಲಿ ಮಹಾಭಾಷ್ಯದ ಆರಂಭದಲ್ಲೇ, ವ್ಯಾಕರಣ ಯಾಕೆ ಓದಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವಾಗ ಇದನ್ನು ನೆನೆಸುತ್ತಾನೆ. ಮಕ್ಕಳಿಗೆ ಹತ್ತು ಅಂಕ ಕಳೆಯುವುದಕ್ಕಿಂತ ಈ ಹೆದರಿಕೆ ವಾಸಿ.

ಯಜ್ಞದ ಕಾಲ ಹೋಗಿ ರಾಕೆಟ್ಟಿನ ಕಾಲ ಬಂದ ಮೇಲೂ ಈ ಪೀಡೆ ಬಿಡಲಿಲ್ಲ. 1962ರ ಜುಲೈ 22ರಂದು ಅಮೆರಿಕದವರು ಶುಕ್ರಗ್ರಹದತ್ತ ಮ್ಯಾರಿನರ್-1 ನೌಕೆಯನ್ನು ಹಾರಿಸಿದರು. ಅದು ದಾರಿ ತಪ್ಪಿತು. ಮೇಲೇರಿದ 293 ಸೆಕೆಂಡಿಗೆ ನೆಲದಿಂದಲೇ ಅದನ್ನು ಸ್ಫೋಟಿಸಬೇಕಾಯಿತು. ಕಂಪ್ಯೂಟರಿಗೆ ಕೊಟ್ಟ ಸೂಚನೆಯಲ್ಲಿ ಒಂದು ಹೈಫನ್ ಬಿಟ್ಟುಹೋಗಿತ್ತು ಎಂದು ಪತ್ರಿಕೆಗಳು ಬರೆದವು. ಚರಿತ್ರೆಯಲ್ಲೇ ಅತ್ಯಂತ ದುಬಾರಿ ಹೈಫನ್ ಇದು ಎಂದು ಆರ್ಥರ್ ಸಿ. ಕ್ಲಾರ್ಕ್ ಅದಕ್ಕೆ ಪಟ್ಟ ಕಟ್ಟಿದ. ಬಿಟ್ಟುಹೋದದ್ದು ಪದಗಳ ನಡುವಿನ ಹೈಫನ್ ಅಲ್ಲ, ಕೈಯಲ್ಲಿ ಬರೆದ ಗಣಿತ ಸೂತ್ರದಲ್ಲಿ ಒಂದು ಅಕ್ಷರದ ನೆತ್ತಿಯ ಮೇಲಿದ್ದ ಗೆರೆ ಎಂದು ತಿಳಿದವರು ಹೇಳುತ್ತಾರೆ. ಪಾಪ, ಮಾಡದ ತಪ್ಪಿಗೆ ಹೈಫನ್ ಹೆಸರು ಕೆಡಿಸಿಕೊಂಡಿತು. ಆದರೆ ಒಂದು ಲಾಭವೂ ಆಯಿತು. ಅದನ್ನು ಬಿಟ್ಟರೆ ಅನಾಹುತ ಎಂದು ಜನ ನಂಬಿದರು.

ಮೇಲಿನ ಗೆರೆ, ನಡುವಿನ ಗೆರೆ ಎಂದಾಗ ಸೈಬರ್ ಸೆಂಟರಿನ ಹುಡುಗ ನೆನಪಾದ. ಪಿಂಚಣಿಯ ಯಾವುದೋ ಅರ್ಜಿಗೆ ನನ್ನ ಇಮೇಲ್ ವಿಳಾಸ ಹೇಳುತ್ತ “ಹೈಫನ್” ಎಂದೆ. “ಡ್ಯಾಶಾ ಸಾರ್?” ಎಂದ. ಹೂಂ ಎಂದೆ. “ಮಧ್ಯದ ಡ್ಯಾಶಾ, ಕೆಳಗಿನ ಡ್ಯಾಶಾ?” ಆಗ ನಕ್ಕಿದ್ದೆ. ಈಗ ನೋಡಿದರೆ ಹುಡುಗನ ಪ್ರಶ್ನೆಗೆ ಎರಡು ಸಾವಿರ ವರ್ಷದ ವಂಶಾವಳಿಯಿದೆ. ಗ್ರೀಕರ ಮೂಲ ಹೈಫನ್ ಕೆಳಗಿನದ್ದೇ. ಅವರು ಪದಗಳ ನಡುವೆ ಜಾಗ ಬಿಡದೆ ಒಂದೇ ಸಮನೆ ಬರೆಯುತ್ತಿದ್ದರು. ಯಾವೆರಡನ್ನು ಕೂಡಿಸಿ ಓದಬೇಕೋ ಅವುಗಳ ಅಡಿಯಲ್ಲಿ ಒಂದು ಬಾಗಿದ ಗೆರೆ ಎಳೆಯುತ್ತಿದ್ದರು. ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಹಾಕುವಾಗ ಸಾಲಿನ ಅಂಚು ಒಂದೇ ಸಮ ಇರಲೆಂದು ಪದ ಮುರಿದು, ಮುರಿದಲ್ಲಿ ಎರಡು ಓರೆಗೀಟು ಇಟ್ಟ. ಕೂಡಿಸಲು ಹುಟ್ಟಿದ ಗುರುತು ಮುರಿದದ್ದಕ್ಕೂ ಸಾಕ್ಷಿಯಾಯಿತು.

ನಿಯಮ ಇಷ್ಟು ಸುಲಭವಾಗಿದ್ದರೆ ಇಂಗ್ಲಿಷಿನವರೇ ಯಾಕೆ ಕಚ್ಚಾಡುತ್ತಾರೆ ಎಂದು ಕೇಳಬಹುದು. ಹೈಫನ್ನನ್ನು ಗಂಭೀರವಾಗಿ ತೆಗೆದುಕೊಂಡವನಿಗೆ ಹುಚ್ಚು ಹಿಡಿಯುವುದು ಖಂಡಿತ ಎಂಬರ್ಥದ ಎಚ್ಚರಿಕೆಯನ್ನು ಆಕ್ಸ್‌ಫರ್ಡ್ ಮುದ್ರಣಾಲಯದ ಹಳೆಯ ಕೈಪಿಡಿಯೊಂದೇ ಕೊಟ್ಟಿತ್ತು. ಡಿಕ್ಷನರಿ ಮಾಡುವವರಿಗೇ ಈ ಗತಿಯಾದರೆ ಗುಮಾಸ್ತರ ಪಾಡೇನು! ಕಷ್ಟ ಎಲ್ಲಿದೆ ಎಂದರೆ, ಗೀಟು ಶಾಶ್ವತವಲ್ಲ. ಮದುವೆಯ ದಿನ ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕಿ ನಡೆಸುತ್ತಾರಲ್ಲ, ಇದು ಆ ಗಂಟು. ಹೊಸದರಲ್ಲಿ ಬೇಕು; ಇಬ್ಬರೂ ಒಂದೇ ಮನೆಯವರು ಎಂದು ಊರಿಗೆ ಗೊತ್ತಾದ ಮೇಲೆ ಗಂಟು ಕಟ್ಟಿಕೊಂಡು ತರಕಾರಿ ತರಲು ಯಾರೂ ಹೋಗುವುದಿಲ್ಲ. ‘ಟುಡೇ’, ‘ಟುಮಾರೋ’ಗಳು ನಮ್ಮ ತಾತಂದಿರ ಕಾಲದ ಪುಸ್ತಕಗಳಲ್ಲಿ ಗಂಟು ಹಾಕಿಕೊಂಡೇ ಓಡಾಡುತ್ತಿದ್ದವು. ‘ಇ-ಮೇಲ್’ನ ಗೀಟನ್ನು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2011ರಲ್ಲಿ ಬಿಚ್ಚಿತು. ನ್ಯೂಯಾರ್ಕ್ ನಗರಕ್ಕೂ ಒಂದು ಕಾಲದಲ್ಲಿ ನಡುವೆ ಗೀಟಿತ್ತು. ‘ನ್ಯೂಯಾರ್ಕ್ ಟೈಮ್ಸ್’ ತನ್ನ ತಲೆಬರಹದಿಂದ ಅದನ್ನು ತೆಗೆದದ್ದು 1896ರಲ್ಲಿ.

ಒಂದೊಂದಾಗಿ ಬಿಚ್ಚುತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು 2007ರ ಆರನೆಯ ಆವೃತ್ತಿಯಲ್ಲಿ ಒಂದೇ ಏಟಿಗೆ ಸುಮಾರು 16,000 ಪದಗಳ ಹೈಫನ್ ಕಿತ್ತರು. ‘ಐಸ್-ಕ್ರೀಮ್’ ಬಿಡಿಬಿಡಿಯಾಯಿತು. ‘ಕ್ರೈ-ಬೇಬಿ’ ಒಂದಾಯಿತು. ‘ಚಿಕ್-ಪೀ’ ಎಂದರೆ ನಮ್ಮ ಕಾಬೂಲ್ ಕಡಲೆ, ಅದೂ ಒಂದಾಯಿತು. ‘ಪಾಟ್-ಬೆಲ್ಲಿ’ ಅಂದರೆ ಡೊಳ್ಳುಹೊಟ್ಟೆ ಮಾತ್ರ ಎರಡಾಗಿ ಬಿಟ್ಟುಕೊಂಡಿತು. ನನ್ನದನ್ನು ನೋಡಿದವರು ಇದನ್ನು ಆಕ್ಷೇಪಿಸಲಾರರು. ಇಂಟರ್‌ನೆಟ್ಟಿನ ಕಾಲದಲ್ಲಿ ಜನಕ್ಕೆ ಆ ಗುಂಡಿ ಒತ್ತುವ ವ್ಯವಧಾನವಿಲ್ಲ ಎಂಬುದು ಅವರು ಹೇಳಿದ ಕಾರಣಗಳಲ್ಲೊಂದು. ಜೋಡಿ ನಾಮಪದಗಳ ಗೀಟು ಹೋದರೆ ಹೋಗಲಿ, ನನಗೆ ದುಃಖವಿಲ್ಲ. ಗೀಟಿಲ್ಲದ ಐಸ್ ಕ್ರೀಮೂ ಅಷ್ಟೇ ಬೇಗ ಕರಗುತ್ತದೆ. ಆದರೆ ವಿಶೇಷಣದ ಗೀಟಿಗೆ ಕೈ ಹಾಕಬೇಡಿ ಎಂಬುದು ನನ್ನ ಪಕ್ಷ. ‘ಓಲ್ಡ್ ಫರ್ನಿಚರ್ ಡೀಲರ್’ ಎಂಬಲ್ಲಿ ಗೀಟು ಹಾಕದಿದ್ದರೆ, ಹಳೆಯ ಕುರ್ಚಿ ಮಾರುವ ಮೂವತ್ತರ ಯುವಕನಿಗೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುತ್ತಾರೆ.

ಗೀಟು ಬಿಡದೆ ಹಿಡಿದುಕೊಂಡವರಲ್ಲಿ ನಮ್ಮ ಸಹಕಾರ ಸಂಘಗಳು ಅಗ್ರಗಣ್ಯ. ಬ್ರಿಟಿಷರ 1904ರ ಕಾಯ್ದೆಯಲ್ಲಿ ‘ಕೋ-ಆಪರೇಟಿವ್’ ಎಂದು ಗೀಟಿತ್ತು. ಮರುವರ್ಷ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಬೋರ್ಡು, ರಬ್ಬರ್ ಸ್ಟಾಂಪು, ಷೇರು ಸರ್ಟಿಫಿಕೇಟು ಎಲ್ಲದರಲ್ಲೂ ಗೀಟು ಹರಿದು ಬಂದು 1959ರ ಕರ್ನಾಟಕದ ಕಾಯ್ದೆಯಲ್ಲೂ ಕೂತಿದೆ. ದೆಹಲಿಯಲ್ಲಿ 2021ರಲ್ಲಿ ಹೊಸ ಸಹಕಾರ ಸಚಿವಾಲಯ ಆದಾಗ ಇಂಗ್ಲಿಷ್ ಹೆಸರಿನಲ್ಲಿ ಗೀಟು ಇಲ್ಲ. ಉದ್ದನೆಯ ಹೆಸರಿಗೆ ಅದು ಇಲ್ಲದಿದ್ದರೂ ನಡೆದೀತು. ‘ಕೋ-ಆಪ್’ ಎಂದು ಮೊಟಕು ಮಾಡುವಾಗ ಮಾತ್ರ ಬಿಡಬೇಡಿ. ಬಿಟ್ಟರೆ ಅದು ‘ಕೂಪ್’, ಕೋಳಿಗೂಡು. ಡಿವಿಡೆಂಡಿಗಾಗಿ ಕಾದು ಕೂತ ಷೇರುದಾರರು ಗೂಡು ಎಂಬುದನ್ನು ಒಪ್ಪಿದರೂ ಒಪ್ಪಿಯಾರು, ಮೊಟ್ಟೆ ಎಲ್ಲಿ ಎಂದು ಕೇಳುತ್ತಾರೆ.

ಈ ‘ಕೋ’ ಇಟ್ಟುಕೊಂಡು ನಾವು ಇಂಗ್ಲಿಷರಿಗೇ ಒಂದು ಪದ ದಾನ ಮಾಡಿದ್ದೇವೆ: ಕೋ-ಬ್ರದರ್. ಹೆಂಡತಿಯ ಅಕ್ಕತಂಗಿಯರ ಗಂಡಂದಿರು ಪರಸ್ಪರ ಏನಾಗಬೇಕು ಎಂದು ಹೇಳಲು ಅವರಲ್ಲಿ ಪದವಿಲ್ಲ. ಬ್ರದರ್-ಇನ್-ಲಾ ಎಂಬ ಎರಡು ಗೀಟಿನ ಚೀಲದೊಳಗೆ ಭಾವ, ಮೈದುನ, ಷಡ್ಡಕ ಎಲ್ಲರನ್ನೂ ತುಂಬಿಬಿಡುತ್ತಾರೆ. ನನಗಿರುವ ಷಡ್ಡಕರು ಧಾರವಾಡದವರು. ಮೇಲಿನದೆಲ್ಲ ನಾನು ಹೇಳಿ ಮುಗಿಸುವ ಹೊತ್ತಿಗೆ ಅವರು ನಮ್ಮ ಜಗಲಿಯ ಮೇಲೆ ಎರಡನೆಯ ಲೋಟ ಚಹಾ ಮುಗಿಸಿದ್ದರು.

“ಗೀಟಿನ ಸುದ್ದಿ ನಮಗ್ಯಾಕ ಹೇಳ್ತೀರಿ?” ಎಂದರು. “ಜಗತ್ತಿನಾಗ ಎಲ್ಲಾಕಿಂತ ಉದ್ದನ್ನ ಗೀಟು ನಮ್ಮದು. ಹುಬ್ಬಳ್ಳಿ-ಧಾರವಾಡ. ಇಪ್ಪತ್ತು ಕಿಲೋಮೀಟರ್ ಐತಿ, ಅದರ ಮ್ಯಾಲ ಚಿಗರಿ ಬಸ್ ಓಡತಾವ.”

ಅದು ನಿಜ. ಎರಡೂ ಊರು ಸೇರಿಸಿ ಒಂದು ಮಹಾನಗರ ಪಾಲಿಕೆ ಮಾಡಿದ್ದು 1962ರಲ್ಲಿ, ಆ ರಾಕೆಟ್ ಬಿದ್ದ ವರ್ಷವೇ. ಪಾಲಿಕೆ ಬೀಳಲಿಲ್ಲ, ಆದರೆ ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಎಂಬ ಕೂಗು ಬಹಳ ಕಾಲ ನಡೆಯಿತು. ನಾನು ಚೆಕೊಸ್ಲೊವಾಕಿಯದ ಕಥೆ ತೆಗೆದೆ. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 1990ರಲ್ಲಿ, ದೇಶದ ಹೆಸರು ಏನಿರಬೇಕು ಎಂದು ಸಂಸತ್ತಿನಲ್ಲಿ ಜಟಾಪಟಿಯಾಯಿತು. ಸ್ಲೊವಾಕರಿಗೆ ಎರಡು ಹೆಸರಿನ ನಡುವೆ ಹೈಫನ್ ಬೇಕು, ಇಲ್ಲದಿದ್ದರೆ ತಾವು ಚೆಕ್ಕರ ಹೆಸರಿನೊಳಗೆ ಕರಗಿಹೋಗುತ್ತೇವೆ ಎಂದು. ಚೆಕ್ಕರಿಗೆ ಹೈಫನ್ ಬೇಡ, ಹಿಂದೆ ಹಿಟ್ಲರನ ಒತ್ತಡದಲ್ಲಿ ದೇಶ ಹರಿದುಹೋಗುವಾಗ ಅದೇ ಗೀಟು ಕಾಣಿಸಿಕೊಂಡಿತ್ತು ಎಂದು. ಕೊನೆಗೆ ಚೆಕ್ ಭಾಷೆಯಲ್ಲಿ ಬರೆದರೆ ಹೈಫನ್ ಇಲ್ಲ, ಸ್ಲೊವಾಕ್ ಭಾಷೆಯಲ್ಲಿ ಬರೆದರೆ ಇದೆ ಎಂದು ರಾಜಿ ಮಾಡಿದರು. ಆ ರಾಜಿಯೂ ತಿಂಗಳೊಪ್ಪತ್ತು ಬಾಳಲಿಲ್ಲ. ಹೆಸರನ್ನೇ ‘ಚೆಕ್ ಮತ್ತು ಸ್ಲೊವಾಕ್’ ಎಂದು ಬದಲಾಯಿಸಿದರು. 1993ರ ಜನವರಿ 1ಕ್ಕೆ ಎರಡು ದೇಶವೇ ಆಯಿತು. ಆ ಜಗಳಕ್ಕೆ ಹೈಫನ್ ಯುದ್ಧ ಎಂದೇ ಹೆಸರು.

ಷಡ್ಡಕರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ, “ಅವರು ಶಾಣ್ಯಾ ಇದ್ದಂಗಿಲ್ಲ. ಹೆಸರು ಹಂಚಿಕೊಳ್ಳಾಕ ಬರೂದಿಲ್ಲಾಂದ್ರ ಪೇಢೆ ಹಂಚಬೇಕಾಗಿತ್ತು” ಎಂದು ಚೀಲದಿಂದ ಡಬ್ಬಿ ತೆಗೆದರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ‘ಪ್ಯೂರ್ ಮಿಲ್ಕ್ ಸ್ವೀಟ್ಸ್’ ಎಂದಿತ್ತು. ಪ್ಯೂರ್ ಯಾವುದು, ಮಿಲ್ಕೋ ಸ್ವೀಟೋ ಎಂದು ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಡಬ್ಬಿಯನ್ನು ಒಳಗೆ ಒಯ್ದಾಗಿತ್ತು. “ನಿಮಗೆ ಶುಗರ್ ಇದೆ, ಓದಿದ್ದು ಸಾಕು.”